ಮುಖ ತಾಳೆಯಾಗುತ್ತಿಲ್ಲ

“ಆಂಟಿ, ಸ್ವಲ್ಪ ಬೆಳಕಿನ ಕಡೆ ತಿರುಗಿ. ಹಾಂ, ಈಗ ಕಣ್ಣು ಮಿಟುಕಿಸಿ,” ಎಂದಳು ಫೋನಿನೊಳಗಿನ ಬ್ಯಾಂಕಿನ ಹುಡುಗಿ.

ಶಿವಗಂಗಮ್ಮ ಕಿಟಕಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಈ ವಯಸ್ಸಿನಲ್ಲಿ ಕಂಡುಕೇಳದವರ ಮುಂದೆ ಕಣ್ಣು ಹೊಡೆಯುವುದೆಂದರೆ ನಾಚಿಕೆಗೇಡೇ ಸರಿ. ಆದರೆ ಮನೆ ಉಳಿಯಬೇಕಲ್ಲ. ಹೊಳೆನರಸೀಪುರದ ಈ ಮನೆಯನ್ನು ಗಂಡ ನಟರಾಜ ಫೈನಾನ್ಸಿನವರ ಸಾಲದಲ್ಲಿ ಕಟ್ಟಿಸಿ, ಗೋಡೆಯ ಬಣ್ಣ ಮಾಸುವ ಮೊದಲೇ ಕಣ್ಣು ಮುಚ್ಚಿದ್ದ. ಮಗಳು ಧನ್ಯಾ ಹಾಸನದ ಲ್ಯಾಬಿನಲ್ಲಿ ದುಡಿದು ತರುವುದೆಲ್ಲ ಆ ಬಡ್ಡಿಗೇ ಹೋಗುತ್ತಿತ್ತು. ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಲು ಅವಳು ಆನ್‌ಲೈನಿನಲ್ಲೇ ಎಲ್ಲ ಮುಗಿಸಿದ್ದಳು. ಮನೆ ಈಗ ತಾಯಿಯ ಹೆಸರಿಗೆ ಬಂದಿದ್ದರಿಂದ ವಿಡಿಯೊ ಕರೆಯಲ್ಲಿ ಆಧಾರ್ ಫೋಟೊದ ಜೊತೆ ತಾಳೆ ನೋಡಲು ತಾಯಿಯ ಮುಖವೊಂದು ಬಾಕಿ. ಅದು ಇವತ್ತು ಆಗದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಮನೆ ಮಾರುವುದೊಂದೇ ದಾರಿ.

“ಸಾರಿ ಆಂಟಿ, ಸಿಸ್ಟಮ್ ತಗೊಳ್ತಿಲ್ಲ. ಮುಖ ತಾಳೆಯಾಗ್ತಿಲ್ಲ ಅಂತ ತೋರಿಸ್ತಿದೆ.”

“ಇನ್ನೆಂಗವ್ವಾ ತಾಳೆ ಮಾಡದು? ಉಟ್ಟಿದಾಗಿಂದ ನಂಗೆ ಇದೊಂದೇ ಮುಕ ಕಣವ್ವ.”

ಹುಡುಗಿ ನಕ್ಕಳು. ಆಮೇಲೆ ಆಧಾರ್ ಫೋಟೊವನ್ನು ನೋಡಿರಬೇಕು, “ಫೋಟೊದಲ್ಲಿ ದೊಡ್ಡ ಬೊಟ್ಟಿದೆ, ಈಗಿಲ್ಲ. ತುಂಬ ಇಳಿದೂ ಹೋಗಿದ್ದೀರ. ಒಂದು ಕೆಲಸ ಮಾಡಿ, ಫೋಟೊದಲ್ಲಿರೋ ಥರಾನೇ ಬೊಟ್ಟು ಇಟ್ಕೊಂಡು ಬನ್ನಿ. ನಾನು ಲೈನಲ್ಲೇ ಇರ್ತೀನಿ,” ಎಂದಳು.

“ಮೇಡಂ, ನಮ್ಮಪ್ಪ…” ಎಂದು ಪಕ್ಕದಿಂದ ಶುರು ಮಾಡಿದ ಧನ್ಯಾ ತಾಯಿಯ ಮುಖ ನೋಡಿ ಫೋನನ್ನು ಮ್ಯೂಟ್ ಮಾಡಿದಳು.

ತಿಥಿಯ ದಿನ ದುದ್ದದ ನಾದಿನಿ ಕುಂಕುಮ ಒರೆಸಲು ಒದ್ದೆ ಬಟ್ಟೆ ಹಿಡಿದು ಬಂದಾಗ, ನಮ್ಮಮ್ಮನ ಹಣೆ ಮುಟ್ಟಿದರೆ ಸರಿ ಇರುವುದಿಲ್ಲ ಎಂದು ಅಡ್ಡ ನಿಂತು ಕೂಗಾಡಿದವಳು ಇದೇ ಧನ್ಯಾ. “ಸುಮ್ಕಿರವ್ವ, ಜನ ಏನಂದಾರು,” ಎಂದು ಮಗಳನ್ನು ಪಕ್ಕಕ್ಕೆ ಸರಿಸಿ ಹಣೆ ಒಡ್ಡಿದವಳು ಶಿವಗಂಗಮ್ಮನೇ. ಆಮೇಲೆ ಮಗಳು ಎಷ್ಟು ಗೋಗರೆದರೂ ಒಂದು ಚುಕ್ಕೆಯನ್ನೂ ಇಟ್ಟುಕೊಂಡವಳಲ್ಲ.

“ಬೇಡ ಬಿಡಮ್ಮ. ಮನೆ ಹೋದ್ರೆ ಹೋಗ್ಲಿ,” ಎಂದಳು ಧನ್ಯಾ ಮೆಲ್ಲಗೆ.

“ಮನೆ ಯಾಕೋಯ್ತದೆ? ನಿಮ್ಮಪ್ಪ ಒತ್ತಾರೆ ಎದ್ದು ಗ್ವಾಡೆಗೆ ನೀರೊಡೀತಿದ್ದುದ್ನ ನಾನಿನ್ನೂ ಮರ್ತಿಲ್ಲ.”

ಕುಂಕುಮದ ಭರಣಿಯನ್ನು ನಾದಿನಿ ಅವತ್ತೇ ಕೊಂಡುಹೋಗಿದ್ದಳು. ಧನ್ಯಾ ಇಡುವುದೋ, ಇದೆಯೋ ಇಲ್ಲವೋ ಎಂಬಂಥ ಕರಿ ಚುಕ್ಕೆ. ಶಿವಗಂಗಮ್ಮ ಬಚ್ಚಲಿನ ಕನ್ನಡಿಯ ಮುಂದೆ ಹೋಗಿ ನಿಂತಳು. ಅದರ ಮೂಲೆಯಲ್ಲಿ, ಹಿಂದೊಮ್ಮೆ ಸ್ನಾನಕ್ಕೆ ಮೊದಲು ತೆಗೆದು ಅಂಟಿಸಿದ್ದ ಕೆಂಪು ಸ್ಟಿಕರ್ ಬೊಟ್ಟೊಂದು ಹಾಗೇ ಉಳಿದಿತ್ತು. ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವಳು ಮಾತ್ರ ದಿನಾ ನೋಡುತ್ತಿದ್ದಳು. ಉಗುರಿನಲ್ಲಿ ಎಬ್ಬಿಸಿದರೆ ಅಂಟು ಒಣಗಿಹೋಗಿತ್ತು. ತುಸು ನೀರು ಸವರಿ ಹಣೆಗೆ ಒತ್ತಿಕೊಂಡು ಬಂದು ಕೂತಳು.

ಈ ಸಲ ಕಣ್ಣು ಮಿಟುಕಿಸಿದ್ದೇ ತಡ, ಮುಖದ ಸುತ್ತ ಹಸಿರು ಗೆರೆ ಬಂತು.

“ಸೂಪರ್ ಆಂಟಿ! ಈಗ ನೀವೇ ಅಂತ ತೋರಿಸ್ತು. ಕೊನೇ ಪ್ರಶ್ನೆ, ರೆಕಾರ್ಡ್ ಆಗ್ತಿದೆ, ನೀವೇ ಬಾಯಿಬಿಟ್ಟು ಹೇಳಬೇಕು. ನೀವು ವಿವಾಹಿತರಾ, ವಿಧವೆಯಾ?”

ಪರದೆಯ ಮೂಲೆಯಲ್ಲಿ ಶಿವಗಂಗಮ್ಮನಿಗೆ ತನ್ನ ಮುಖ ಕಾಣುತ್ತಿತ್ತು. ಹಣೆ ತುಂಬಿತ್ತು. ನಟರಾಜ ಇನ್ನೇನು ಬಾಗಿಲು ದೂಡಿಕೊಂಡು ಬಂದು ಕಾಫಿ ಕೇಳುತ್ತಾನೆ ಅನ್ನುವ ಹಾಗಿತ್ತು. ತಿಥಿಯ ದಿನವೂ ಆ ಮಾತನ್ನು ಅವಳ ಬಾಯಿಂದ ಯಾರೂ ಹೇಳಿಸಿರಲಿಲ್ಲ.

“ಆಂಟಿ, ಕೇಳಿಸ್ತಿದೆಯಾ?”

“ಮುಂಡೆ ಕಣವ್ವ.”

ಹುಡುಗಿ ಕ್ಷಣ ತಬ್ಬಿಬ್ಬಾದಳು. “ವಿಧವೆ ಅಂತ ಹೇಳಿ, ಆಂಟಿ.”

“ವಿದವೆ.”

ಕರೆ ಮುಗಿಯಿತು. ಪರಿಶೀಲನೆ ಪೂರ್ಣಗೊಂಡಿದೆ, ಅರ್ಜಿ ಮುಂದಕ್ಕೆ ಹೋಗಿದೆ ಎಂದು ಮೆಸೇಜು ಬಂತು. ಧನ್ಯಾ ಅದನ್ನು ಓದಿ ಹೇಳುತ್ತಲೇ ಅತ್ತುಬಿಟ್ಟಳು. “ತೆಗೀಬೇಡಮ್ಮ, ಇರ್ಲಿ. ಯಾರೇನಂದ್ರೂ ನಾನಿದ್ದೀನಿ.”

“ಬ್ಯಾಂಕ್ನೋರಿಗೆ ಇಕ್ಕಂಡಿದ್ದು ಕಣವ್ವ. ಅವ್ರ ಕೆಲ್ಸ ಆಯ್ತಲ್ಲ,” ಎನ್ನುತ್ತ ಶಿವಗಂಗಮ್ಮ ಎದ್ದಳು.

ಬಚ್ಚಲಿಗೆ ಹೋಗಿ ಬೊಟ್ಟು ಕಿತ್ತು ಮತ್ತೆ ಕನ್ನಡಿಗೆ ಅಂಟಿಸಿದಳು. ಮೂಲೆಗಲ್ಲ, ನಡುವಿಗೆ. ಆಮೇಲೆ ಬಾಗಿಲ ಚಿಲಕ ಹಾಕಿ, ಕನ್ನಡಿಯೊಳಗಿನ ಹಣೆಗೆ ಅದು ಸರಿಯಾಗಿ ಬರುವ ಹಾಗೆ ತುಸು ಬಗ್ಗಿ ನಿಂತಳು.