ಕಂಪ್ಯೂಟರ್ ಒಪ್ಪಂಗಿಲ್ಲ

ಬೇಗಂ ಬಜಾರಿನ ಕಲ್ಯಾಣಪ್ಪನ ಪಾತ್ರೆ ಅಂಗಡಿಯ ಶಟರು ಇನ್ನೂ ಅರ್ಧಕ್ಕೆ ಏರಿತ್ತು, ಅಷ್ಟರಲ್ಲೇ ತುಳಸಾಬಾಯಿ ತಲೆ ಬಗ್ಗಿಸಿ ಒಳಗೆ ನುಗ್ಗಿದಳು. ಬೋಣಿ ಗಿರಾಕಿಯನ್ನು ಯಾವ ವ್ಯಾಪಾರಿಯೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬುದು ಆಕೆಯ ಮೊದಲ ಅಸ್ತ್ರ. ಆದರೆ ಒಳಗೆ ಸ್ಟೂಲಿನ ಮೇಲೆ ಕೆಂಪು ಸೀರೆಯ ಹೆಂಗಸೊಬ್ಬಳು ಆಗಲೇ ಕೂತಿದ್ದಳು. ಮೊದಲ ಅಸ್ತ್ರ ಅಲ್ಲೇ ಮೊಂಡಾಯಿತು.

ಅಸ್ತ್ರಗಳು ಇನ್ನೂ ಇದ್ದವು. ತಾರ್ನಾಕದ ಕನ್ನಡ ಮನೆಗಳಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮೊದಲು ಕರೆ ಹೋಗುತ್ತಿದ್ದುದು ತುಳಸಾಬಾಯಿಗೆ. ಆಕೆಗೆ ಹಾಡು ಬಾರದು, ತಟ್ಟಿದ ಹೋಳಿಗೆ ಹರಿಯುತ್ತದೆ, ಹೆತ್ತ ಮಕ್ಕಳೂ ಮಾತು ಕೇಳುವುದಿಲ್ಲ. ಜನ ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದುದು ಚೌಕಾಸಿಗೆ ಮಾತ್ರ. ಇವತ್ತು ನೆರೆಮನೆಯ ಶಾಮಲಾ ತನ್ನ ಮಗಳ ಮದುವೆ ಪಾತ್ರೆಗೆಂದು ಆಕೆಯನ್ನು ಕರೆತಂದಿದ್ದಳು. ಓಣಿಯ ಸುದ್ದಿಯೆಲ್ಲ ಹೊರಡುವುದೇ ಶಾಮಲಾಳ ಬಾಯಿಂದ. ಇಲ್ಲಿ ಸೋತರೆ ಇರುವ ಒಂದು ಹೆಸರೂ ಸಂಜೆಯೊಳಗೆ ಹೋಗುತ್ತಿತ್ತು.

"ಚಿಂತಿ ಬ್ಯಾಡ," ಎಂದು ಶಾಮಲಾಳ ಕಿವಿಯಲ್ಲಿ ಹೇಳಿದಳು. "ಕಲ್ಯಾಣಪ್ಪ ದಾಕ್ಷಿಣ್ಯದ ಮನುಷ್ಯ. ಎರಡು ಸಲ ನಿಟ್ಟುಸಿರು ಬಿಟ್ರ ಸಾಕು, ಕರಗತಾನ."

ಅದು ಹೋದ ವರ್ಷದ ಕಲ್ಯಾಣಪ್ಪ. ಈ ವರ್ಷ ಅವನ ಗಲ್ಲಾದ ಮೇಲೆ ಕಂಪ್ಯೂಟರ್ ಬಂದು ಕೂತಿತ್ತು. ಆ ಸಾಲಿನ ಅಂಗಡಿಗಳಲ್ಲೆಲ್ಲ ಅದೊಂದೇ. ಹಣೆಗೆ ಕುಂಕುಮ, ನೆತ್ತಿಗೆ ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ಕರಕರ ಅನ್ನುವ ಪ್ರಿಂಟರ್.

ಅಂಗಡಿ ತುಂಬತೊಡಗಿತು. ಕೆಂಪು ಸೀರೆಯವಳು ಆಗ ಎದ್ದಳು. ಅದು ತೋರಿಸಿ, ಇದು ತೋರಿಸಿ ಅನ್ನಲಿಲ್ಲ. ಸೀದಾ ಕೆಳಗಿನ ಸಾಲಿಗೆ ಕೈಹಾಕಿ ಒಂದು ಹಿತ್ತಾಳೆ ಕೊಪ್ಪರಿಗೆ ಎಳೆದಳು.

"ಕ್ಯಾ ಸೇಠ್, ಬೋಣಿ ಕಾ ಟೈಮ್ ಹೈ. ಆಧಾ ಬೋಲೋ," ಎಂದು ಅರ್ಧ ಬೆಲೆಗೆ ಕೇಳಿದಳು.

ಕಲ್ಯಾಣಪ್ಪ ಒಂದೇ ಬೆರಳಿನಲ್ಲಿ ಟಕಟಕ ಒತ್ತಿದ. ಪ್ರಿಂಟರ್ ಕರಕರ ಅಂದಿತು. ಚೀಟಿ ಹರಿದು ಎಲ್ಲರಿಗೂ ಕಾಣುವಂತೆ ಹಿಡಿದ. ಇಂಗ್ಲಿಷಿನಲ್ಲಿ 'ನೋ' ಎಂದಿತ್ತು.

"ಕಂಪ್ಯೂಟರ್ ಮಾನತಾ ನೈ, ಅಮ್ಮಾ."

ಆಮೇಲೆ ನಡೆದದ್ದನ್ನು ತುಳಸಾಬಾಯಿ ಬಾಯಿ ತೆರೆದು ನೋಡಿದಳು. ಆ ಹೆಂಗಸು ದಕ್ಖನಿ ಉರ್ದುವಿನಲ್ಲಿ ಬೈದಳು, ಹೊಗಳಿದಳು, ಕಣ್ಣೊರೆಸಿಕೊಂಡಳು. ಕೊಪ್ಪರಿಗೆಯನ್ನು ಬೆಳಕಿಗೆ ತಿರುಗಿಸಿ, ಹೊಸ ಮಾಲಿನ ಹಿಡಿಕೆ ಇಷ್ಟು ಮಾಸಿದೆ ಯಾಕೆ ಎಂದು ಜಾಡಿಸಿದಳು. ಒಳ್ಳೆಯ ಪ್ರಶ್ನೆ. ಕಲ್ಯಾಣಪ್ಪನ ಬಳಿ ಉತ್ತರವಿರಲಿಲ್ಲ, ಆದರೆ ಕಂಪ್ಯೂಟರಿನ ಬಳಿ ಇತ್ತು. ನೋ.

ತುಳಸಾಬಾಯಿಗೆ ಮತ್ಸರವೂ ಆಯಿತು, ಮೆಚ್ಚುಗೆಯೂ ಆಯಿತು. "ಪಾಪ, ಈಕೀ ಗಂಡನ ಗತಿ ಏನಿರಬೇಕು," ಎಂದು ಶಾಮಲಾಳಿಗೆ ಕನ್ನಡದಲ್ಲಿ ಪಿಸುಗುಟ್ಟಿದಳು. ಕೆಂಪು ಸೀರೆಯವಳು ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು. ಕಲ್ಯಾಣಪ್ಪ ಗಲ್ಲಾದ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದ.

ಕಡೆಗೆ ಆಕೆ ಕೊಪ್ಪರಿಗೆ ಕುಕ್ಕಿ ಮೆಟ್ಟಿಲಿಳಿದಳು. ಮೂರನೆಯ ಅಂಗಡಿ ದಾಟುವುದರೊಳಗೆ ವ್ಯಾಪಾರಿ ಕೂಗಿ ಕರೆಯಬೇಕು, ಬಜಾರಿನ ರಿವಾಜು ಅದು. ಕಲ್ಯಾಣಪ್ಪ ಅರ್ಧ ಎದ್ದ. ಕಂಪ್ಯೂಟರಿನ ಕಡೆ ನೋಡಿದ. ಮತ್ತೆ ಕೂತ. ಕರೆಯದೇ ಇದ್ದರೂ ಆಕೆಯೇ ತಿರುಗಿ ಬಂದಳು, ಪೂರ್ತಿ ಬೆಲೆ ಎಣಿಸಿಕೊಟ್ಟಳು, ಕೊಪ್ಪರಿಗೆಯನ್ನು ಗೋಣಿಚೀಲಕ್ಕೆ ತುರುಕಿ ಯಂತ್ರಕ್ಕೆ ಶಾಪ ಹಾಕುತ್ತ ಹೋದಳು.

ತುಳಸಾಬಾಯಿ ಧೈರ್ಯ ಮಾಡಿ ಎರಡು ನಿಟ್ಟುಸಿರು ಬಿಟ್ಟಳು. ಕಲ್ಯಾಣಪ್ಪನ ಮುಖ ಮೊದಲಿನ ಹಾಗೆಯೇ ಕರಗಿತು.

"ನನಗೇನೋ ಕೊಡಬೇಕಂತ ಐತ್ರಿ ಬಾಯಾರ. ಕಂಪ್ಯೂಟರ್ ಒಪ್ಪಂಗಿಲ್ಲ."

"ಇನ್ನೊಂದು ಸಲ ಕೇಳಿ ನೋಡ್ರಿ."

ಅವನು ಕೇಳಿದ. ಕರಕರ. ನೋ.

ಯಂತ್ರದ ಮುಂದೆ ನಿಟ್ಟುಸಿರು ಬಿಟ್ಟು ಏನು ಪ್ರಯೋಜನ? ಅದಕ್ಕೆ ಮದುವೆಗೆ ಬಂದ ಮಗಳಿಲ್ಲ, ಮುಖ ನೋಡಿ ನಾಚುವ ಸ್ವಭಾವವಿಲ್ಲ. ಅಲ್ಲದೆ ತನಗಿಂತ ಜಾಣೆ ಸೋತದ್ದನ್ನು ಈಗಷ್ಟೇ ಕಣ್ಣಾರೆ ಕಂಡಿದ್ದಳು. ಶಾಮಲಾ ಪೂರ್ತಿ ಬೆಲೆ ಕೊಟ್ಟಳು.

"ಇನ್ನ ಮುಂದ ನಿಮಗ ತ್ರಾಸ ಕೊಡೂದಿಲ್ರಿ," ಎಂದಳು ಶಾಮಲಾ ಹೊರಗೆ ಬಂದು. "ಕಂಪ್ಯೂಟರ್ ಬಂದಮ್ಯಾಗ ಯಾರು ಬಂದ್ರೂ ಅಷ್ಟ ಅಲ್ರಿ?"

ಕೊಂಕಿನಿಂದಲ್ಲ, ಸಮಾಧಾನಕ್ಕೇ ಹೇಳಿದ್ದಳು. ತುಳಸಾಬಾಯಿಗೆ ಅದೇ ಹೆಚ್ಚು ಚುಚ್ಚಿತು. ಅರಿಶಿನ, ಅಡಿಕೆ, ಮಂಡಕ್ಕಿ ಕೊಳ್ಳುವಾಗ ಆಕೆ ಎಲ್ಲೂ ಚೌಕಾಸಿಗೆ ಇಳಿಯಲಿಲ್ಲ. ಆಟೋ ಹತ್ತುವ ಹೊತ್ತಿಗೆ ಕಲ್ಯಾಣಪ್ಪನ ಅಂಗಡಿಯಲ್ಲಿ ಕೊಡೆ ಮರೆತದ್ದು ನೆನಪಾಯಿತು. ಪಾತ್ರೆಗಳ ಕಾವಲಿಗೆ ಶಾಮಲಾಳನ್ನು ಬಿಟ್ಟು ಒಬ್ಬಳೇ ತಿರುಗಿ ಹೋದಳು.

ಊಟದ ಹೊತ್ತು. ಶಟರು ಅರ್ಧ ಇಳಿದಿತ್ತು. ತುಳಸಾಬಾಯಿ ಬಗ್ಗಿ ನೋಡಿದಳು.

ಕೆಂಪು ಸೀರೆಯವಳು ಗೋಣಿಚೀಲದಿಂದ ಕೊಪ್ಪರಿಗೆ ತೆಗೆದು, ಸೆರಗಿನಿಂದ ಒರೆಸಿ, ಕೆಳಗಿನ ಸಾಲಿಗೆ ತಳ್ಳುತ್ತಿದ್ದಳು. ಆಮೇಲೆ ಡಬ್ಬಿ ಬಿಚ್ಚಿ ಕಲ್ಯಾಣಪ್ಪನ ಮುಂದೆ ರೊಟ್ಟಿ ಇಟ್ಟಳು.

"ಗಂಡನ ಗತಿ ಏನು ಅಂತ ಕೇಳಿದ್ಲಲ್ಲ ಆ ಬಾಯಿ," ಎಂದು ಕಲ್ಯಾಣಪ್ಪ ನಕ್ಕ.

"ನನಗ ನಗು ತಡಕೊಳ್ಳೂದ ಆಗಲಿಲ್ಲ. ಲಗೂ ಉಣ್ರಿ, ಮನಿಗೆ ಹೋಗಿ ಹಸರ ಸೀರಿ ಉಟಗೊಂಡು ಬರತೀನಿ. ಸಂಜೀ ಗಿರಾಕಿ ಮುಂದ ಮತ್ತ ಸೋಲಬೇಕಲ್ಲ," ಎಂದಳು ಆಕೆ, ಅಪ್ಪಟ ಕಲಬುರ್ಗಿ ಕನ್ನಡದಲ್ಲಿ.

ತುಳಸಾಬಾಯಿ ಕೊಡೆಯ ಸುದ್ದಿ ಎತ್ತಲಿಲ್ಲ. ಒಳಗೆ ಬಂದು, ಸ್ಟೂಲು ಎಳೆದುಕೊಂಡು, ನೆಮ್ಮದಿಯಾಗಿ ಕೂತಳು.

"ಸಾವಕಾಶ ಉಣ್ರಿ. ಕೈ ತೊಳಕೊಂಡಮ್ಯಾಗ ನಿಮ್ಮ ಕಂಪ್ಯೂಟರಿಗೆ ಇನ್ನೊಂದು ಸಲ ಕೇಳಿ ನೋಡೂಣಂತ."