ಸುತ್ತಿಗೆ ಬಿದ್ದ ಮೇಲೆ

ಹರಾಜು ಕೋಣೆಯ ಹಿಂದಿನ ಸಾಲಿನಲ್ಲಿ ಅಷ್ಟೊಂದು ಜಾಗ ಖಾಲಿಯಿದ್ದರೂ ವಯಸ್ಸಾದ ಮದಾಮ್ ವೊಬ್ರಿಯಾಕ್ ಬಂದು ಎಮೆರಿಕ್‌ನ ಪಕ್ಕದಲ್ಲೇ ಕೂತರು. ಎಮೆರಿಕ್‌ಗೆ ಎದ್ದು ಓಡಿಹೋಗಬೇಕೆನಿಸಿತು.

“ನಿನ್ನ ಪಕ್ಕ ಇದ್ರೆ ನಂಗೆ ಧೈರ್ಯ, ಮಗೂ,” ಎನ್ನುತ್ತಾ ಅಜ್ಜಿ ಅವನ ಕೈಗೊಂದು ಪೆಪ್ಪರಮಿಂಟು ಇಟ್ಟರು.

ಬಾಯಿಗೆ ಹಾಕಿಕೊಂಡ. ಅದನ್ನು ಚೀಪುವುದೂ ತಪ್ಪೆನಿಸಿತು.

ಪರಿಚಯವಾದದ್ದು ನಿನ್ನೆ, ಇದೇ ಕೋಣೆಯಲ್ಲಿ, ಹರಾಜಿನ ಸಾಮಾನು ನೋಡಲು ಅರ್ಧ ಪ್ಯಾರಿಸ್ಸೇ ನುಗ್ಗಿದ್ದಾಗ. ಎಮೆರಿಕ್ ಒಂದು ತೋಳುಕುರ್ಚಿಯನ್ನು ಬೋರಲು ಹಾಕಿ, ಬಡಗಿಯ ಮುದ್ರೆಯನ್ನೂ ಪಕ್ಕದ ಕಿರೀಟದ ಗುರುತನ್ನೂ ನೋಡುತ್ತಿದ್ದ. ಬೆನ್ನ ಹಿಂದೆ ದನಿ ಕೇಳಿತು.

“ವ್ಯಾಪಾರಿಗಳು ಮೇಲಿನ ಚಿನ್ನದ ಬಣ್ಣ ನೋಡ್ತಾರೆ. ಕುರ್ಚಿಯ ಹೊಟ್ಟೆ ನೋಡೋರು ಮ್ಯೂಸಿಯಂನವರು. ಸರ್ಕಾರದ ಕಡೆಯವನಾ ನೀನು?”

“ಅಯ್ಯೋ ಇಲ್ಲ ಮದಾಮ್, ಸುಮ್ನೆ ನೋಡ್ತಿದ್ದೆ,” ಎಂದುಬಿಟ್ಟ. ಹಸಿ ಸುಳ್ಳು.

ಆಮೇಲೆ ಅಜ್ಜಿ ಹೇಳಿದ್ದನ್ನು ಕೇಳಬಾರದಿತ್ತು. ಆ ಕುರ್ಚಿ ಅವರ ಮನೆಯದಂತೆ. ಬಲದ ತೋಳು ಸವೆದದ್ದು ಅವರ ಅಜ್ಜ ಬೆರಳು ಕುಟ್ಟಿ ಕುಟ್ಟಿ. ಜ್ವರ ಬಂದಾಗ ಇವರನ್ನು ಮಲಗಿಸುತ್ತಿದ್ದದ್ದೂ ಅದರಲ್ಲೇ.

“ಯಾವನೋ ಪುಣ್ಯಾತ್ಮ ವಕೀಲನ ಕೈಲಿ ಮಾರಿಸ್ತಿದ್ದಾನೆ. ಹೆಸರು ಹೇಳೋಕೂ ನಾಚಿಕೆ ಅವನಿಗೆ,” ಎಂದು ಮೂಗೊರೆಸಿಕೊಂಡಿದ್ದರು.

ಎಮೆರಿಕ್ ಸರ್ಕಾರದ ಕಡೆಯವನೇ. ಕ್ರಾಂತಿಯ ಕಾಲದಲ್ಲಿ ಅರಮನೆಯ ಸಾಮಾನೆಲ್ಲ ಹರಾಜಾದಾಗ ಈ ಕುರ್ಚಿ ತನ್ನ ಜೋಡಿಯಿಂದ ಅಗಲಿತ್ತು. ಆ ಜೋಡಿ ಅವನ ಮ್ಯೂಸಿಯಂನಲ್ಲಿ ಒಂಟಿಯಾಗಿ ನಿಂತಿದೆಯೆಂದು ಹಳೆ ಸಾಮಾನಿನ ಹುಚ್ಚಿದ್ದವರಿಗೆಲ್ಲ ಗೊತ್ತು. ಇಲ್ಲಿನ ಕಾನೂನಿಗೆ ಕರುಣೆಯಿಲ್ಲ. ಯಾರು ಬೇಕಾದರೂ ಸವಾಲು ಕೂಗಿ ಗೆಲ್ಲಲಿ. ಸುತ್ತಿಗೆ ಬಿದ್ದೊಡನೆ ಸರ್ಕಾರದವನು ಎದ್ದು ಒಂದು ಮಾತು ಹೇಳಿದರೆ ಮುಗಿಯಿತು, ಅದೇ ಬೆಲೆಗೆ ವಸ್ತು ಸರ್ಕಾರದ್ದು. ಗೆದ್ದವರು ಬರಿಗೈಯಲ್ಲಿ ಮನೆಗೆ ಹೋಗಬೇಕು.

“ಎಷ್ಟಕ್ಕಾದ್ರೂ ಹೋಗ್ಲಿ, ಆ ಕುರ್ಚಿ ಬಿಟ್ಟು ಬರಬೇಡ,” ಎಂದಿದ್ದರು ಅವನ ಮೇಲಧಿಕಾರಿ.

ಈಗ ಆ ಕುರ್ಚಿಯ ಸವಾಲು ಶುರುವಾಯಿತು. ಫೋನಿನಲ್ಲಿ ಯಾವನೋ ವ್ಯಾಪಾರಿ ಬೆಲೆ ಏರಿಸಿದ. ಅಜ್ಜಿ ಬೂದು ಕೈಗವಸಿನ ಕೈ ಎತ್ತಿದರು. ಅವನು ಮತ್ತೆ ಏರಿಸಿದ, ಇವರು ಮತ್ತೆ ಎತ್ತಿದರು. ಬೆಲೆ ಅಂದಾಜನ್ನು ದಾಟಿ ಎರಡರಷ್ಟಾಯಿತು. ಎಮೆರಿಕ್ ಅಜ್ಜಿಯ ಬೂಟು ನೋಡಿದ. ಎರಡು ಸಲವಾದರೂ ಅಟ್ಟೆ ಹಾಕಿಸಿದ್ದು. ಇರುವ ಮನೆಯನ್ನೇ ಅಡವಿಟ್ಟು ಬಂದಿದ್ದಾರೇನೋ ಎನಿಸಿತು.

“ಸಾಕು ಬಿಡಿ ಮದಾಮ್, ಅಷ್ಟೊಂದು ಬೇಡ,” ಎಂದು ಪಿಸುಗುಟ್ಟಿದ.

“ನಂದಲ್ವಾ ಮಗೂ ಅದು!” ಎಂದು ಅಜ್ಜಿ ಮತ್ತೆ ಕೈಯೆತ್ತಿದರು. ಆ ಕೈ ಒಂದಿಷ್ಟೂ ನಡುಗಲಿಲ್ಲ.

ವ್ಯಾಪಾರಿ ಕೈಬಿಟ್ಟ. ಸುತ್ತಿಗೆ ಬಿತ್ತು.

ಎಮೆರಿಕ್ ಏಳಬೇಕಿತ್ತು. ಏಳಲಿಲ್ಲ. ಇದೊಂದು ಸಲ ಸುಮ್ಮನಿದ್ದುಬಿಟ್ಟರೆ? ಕೆಲಸ ಹೋದರೆ ಹೋಗಲಿ. ಹರಾಜುಗಾರ ಆಗಲೇ ಮುಂದೆ ಹರಾಜಾಗಬೇಕಿದ್ದ ಮೇಜಿನತ್ತ ತಿರುಗುತ್ತಿದ್ದ.

ಅಜ್ಜಿ ಕುರ್ಚಿಯತ್ತ ನೋಡಲೇ ಇಲ್ಲ. ಇವನನ್ನೇ ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಅವನ ತೋಳನ್ನು ಗಟ್ಟಿಯಾಗಿ ಹಿಡಿದರು.

“ನೀನ್ಯಾರು ಅಂತ ನಿನ್ನೆನೇ ಗೊತ್ತಾಯ್ತು ಮಗೂ. ನಿನ್ನ ಕೆಲಸ ನೀನು ಮಾಡು. ನನ್ನ ಕಾಯಿಸ್ಬೇಡ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ದೊಡ್ಡತನವನ್ನು ತಡೆಯಲಾಗಲಿಲ್ಲ. ಎದ್ದ.

“ಸರ್ಕಾರದ ಪರವಾಗಿ,” ಎಂದ. ದನಿ ಅವನಿಗೇ ಅಸಹ್ಯವಾಗಿ ಕೇಳಿಸಿತು.

ಅಜ್ಜಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. “ಥೂ, ವಯಸ್ಸಾದೋರ ಕೈಯಿಂದ ಕಿತ್ಕೊಂಡ್ನಲ್ಲಾ!” ಎಂದು ಹಿಂದಿನಿಂದ ಯಾರೋ ಅಂದರು. ಅವನು ತಿರುಗಿ ನೋಡಲಿಲ್ಲ. ಪಕ್ಕಕ್ಕೆ ನೋಡುವ ಹೊತ್ತಿಗೆ ಅಜ್ಜಿಯ ಜಾಗ ಖಾಲಿಯಾಗಿತ್ತು.

ಕೆಳಗಿನ ಕಚೇರಿಗೆ ಬಂದು ಸಹಿ ಹಾಕಿದ. ಹಾಕುವಾಗಲೇ ನಿರ್ಧರಿಸಿದ್ದ. ಮ್ಯೂಸಿಯಂಗೆ ರಜೆಯಿರುವ ದಿನ ಅಜ್ಜಿಯನ್ನು ಕರೆಸಿ, ಯಾರೂ ಇಲ್ಲದಾಗ ಆ ಕುರ್ಚಿಯ ಮೇಲೆ ಕೂರಿಸಬೇಕು. ನಿಯಮ ಹಾಳಾಗಿ ಹೋಗಲಿ. ಅಷ್ಟೂ ಮಾಡದಿದ್ದರೆ ತನಗೆ ನಿದ್ದೆ ಬರುವುದಿಲ್ಲ.

“ಮದಾಮ್ ವೊಬ್ರಿಯಾಕ್ ಅವರ ವಿಳಾಸ ಬೇಕಿತ್ತು,” ಎಂದು ಗುಮಾಸ್ತೆಯನ್ನು ಕೇಳಿದ. “ಬೂದು ಕೈಗವಸು ಹಾಕಿದ್ರು, ಪಾಪ, ವಯಸ್ಸಾದವರು.”

“ವಿಳಾಸ ಯಾಕೆ ಮಿಸ್ಯೂ?” ಎಂದಳು ಅವಳು, ಕಾಗದದಿಂದ ತಲೆಯೆತ್ತದೆ. “ಒಳಗೇ ಇದ್ದಾರೆ, ಅವರ ವಕೀಲರ ಜೊತೆ. ಈ ಕುರ್ಚಿ ಮಾರಿದ್ದು ಅವರೇ ಅಲ್ವಾ?”