ಹಗೇವಿಗಿಳಿದ ಬಸುರಿ

ಗಂಡಿನ ವರ್ಣತಂತು ಮನುಷ್ಯರಲ್ಲಿ ಅಳಿದುಹೋದ ಮೇಲೆ ಬಸುರು ಆಮೆಯ ಮೊಟ್ಟೆಯಂತಾಗಿತ್ತು. ಮೂರನೆಯ ತಿಂಗಳಲ್ಲಿ ತಾಯಿ ಬಿಸಿಲಿಗಿದ್ದರೆ ಹೆಣ್ಣು, ತಂಪಿಗಿದ್ದರೆ ಗಂಡು. ಈ ಬಿಸಿಲೂರಿನಲ್ಲಿ ಗಂಡು ಹುಟ್ಟಿ ಏಳು ವರ್ಷವಾಗಿತ್ತು. ಅದಕ್ಕೇ ಬಾಳವ್ವ, ಈಚೆಗೆ ಎಲ್ಲ ಅತ್ತೆಯರೂ ಮಾಡತೊಡಗಿದಂತೆ, ಸೊಸೆ ಕಸ್ತೂರಿಯ ಸೊಂಟಕ್ಕೆ ಹಗ್ಗ ಕಟ್ಟಿ ಹಗೇವಿಗೆ ಇಳಿಸುತ್ತಿದ್ದಳು. ಜೋಳ ತುಂಬಿಡುವ, ನೆಲದೊಳಗಿನ ಆ ತಣ್ಣನೆಯ ಗುಂಡಿಗೆ. ಮೇಲೆ ಕುಳಿತು ಪುರಾಣದ ಒಂದೊಂದೇ ಪದ್ಯ ಹೇಳುವಳು. ಪ್ರತಿ ಪದ್ಯಕ್ಕೂ ಕೆಳಗಿನಿಂದ ಸೊಸೆ "ಹೂಂ" ಅನ್ನಬೇಕು. ಒಳಗಿನ ಗಾಳಿ ಕೆಟ್ಟದ್ದು ತಿಳಿಯಲು ಅದೊಂದೇ ದಾರಿ.

"ಅತ್ತಿ, ತಲಿ ತಿರಗತೈತಿ."

"ಇನ್ನೆರಡು ದಿನ ತಡಕೋಳವ್ವಾ, ಮೂರನೇ ತಿಂಗಳ ಮುಗಿತೈತಿ. ವಂಶ ಉಳಸಾಕಿ ನೀನ."

"ನಾ ಉಳದ್ರ ಅಲ್ಲೇನ್ರಿ ವಂಶ ಉಳಿಯೂದು?"

ಬಾಳವ್ವ ನಕ್ಕು ಮುಂದಿನ ಪದ್ಯ ಎತ್ತಿಕೊಂಡಳು. ಪದ್ಯ ಮುಗಿಯಿತು. ಹೂಂ ಬರಲಿಲ್ಲ.

"ಕಸ್ತೂರಿ? ಹೂಂ ಅನ್ನ ಬೇ!"

ಬಾಳವ್ವ ಎದ್ದು ಬೀದಿಗೆ ಓಡಿದಳು. ಓಣಿಯವರನ್ನೆಲ್ಲ ಕೂಗಿ ಕರೆದು ಹಗ್ಗ ಎಳೆಸಿದಳು. ಮೇಲೆ ಬಂದ ಮೈ ಮಂಜಿನಂತೆ ತಣ್ಣಗಿತ್ತು.

"ನೆರಳಿಗೆ ಒಯ್ರಿ! ಬಿಸಲಾಗ ಹೆಣ್ಣ ಆಕ್ಕೈತಿ," ಎಂದಳು ನೆರೆಯವಳು.

"ಆಗ್ಲಿ ಬಿಡ!" ಬಾಳವ್ವ ಉರಿಬಿಸಿಲಲ್ಲೇ ಸೊಸೆಯನ್ನು ಮಲಗಿಸಿ, ಎದೆ, ಅಂಗಾಲು ತಿಕ್ಕತೊಡಗಿದಳು. ಕಸ್ತೂರಿ ಕೊನೆಗೂ ಕೆಮ್ಮಿ ಉಸಿರೆಳೆದಾಗ, ಆ ಬಿಸಿಲಲ್ಲೂ ಮುದುಕಿ ಗಡಗಡ ನಡುಗುತ್ತಿದ್ದಳು.